ತೋಳದ ಕಣ್ಣಲ್ಲಿ ಕಂಡ ಪಾಠ: ಆಲ್ಡೋ ಲಿಯೋಪೋಲ್ಡ್

ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ ಕಥೆಗಳಲ್ಲಿ ತೋಳಕ್ಕೆ ಇದ್ದದ್ದು ಒಂದೇ ಪಾತ್ರ. ತೋಳ ಬಂತು ತೋಳ ಅಂತ ಸುಳ್ಳು ಕೂಗಿ ಊರವರನ್ನು ಓಡಿಸಿದ ಹುಡುಗನ ಕಥೆ ನೆನಪಿದೆಯಲ್ಲ? ತಪ್ಪು ಮಾಡಿದ್ದು ಹುಡುಗ, ಆದರೆ ಕೆಟ್ಟ ಹೆಸರು ಮಾತ್ರ ತೋಳಕ್ಕೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಈ ಕೆಟ್ಟ ಹೆಸರು ಕಥೆಗೆ ಸೀಮಿತವಾಗಿರಲಿಲ್ಲ, ಸರ್ಕಾರದ ಬಜೆಟ್ಟಿನಲ್ಲೇ ಇತ್ತು. ತೋಳಗಳನ್ನು ಕೊಲ್ಲುವುದಕ್ಕೇ ಸಂಬಳದ ಬೇಟೆಗಾರರಿದ್ದರು, ವಿಷ ಇತ್ತು, ತಲೆಗಿಷ್ಟು ಅಂತ ಇನಾಮು ಇತ್ತು. ಆ ಕೆಲಸವನ್ನು ಮನಸಾರೆ ಬೆಂಬಲಿಸಿ, ತಾನೂ ಬಂದೂಕು ಎತ್ತಿ, ಆಮೇಲೆ ಮೂವತ್ತೈದು ವರ್ಷ ತೆಗೆದುಕೊಂಡು ತನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಕಂಡುಕೊಂಡವರು ಆಲ್ಡೋ ಲಿಯೋಪೋಲ್ಡ್. ವನ್ಯಜೀವಿ ನಿರ್ವಹಣೆ ಎಂಬ ವಿಷಯ ಕಾಲೇಜಿನ ಪಾಠವಾಗುವುದಕ್ಕೆ ಕಾರಣರಾದವರಲ್ಲಿ ಅವರು ಮೊದಲಿಗರು.

ಮೇಜು ಮಾಡುವವರ ಮನೆಯ ಹುಡುಗ

ಆಲ್ಡೋ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್ ಎಂಬ ಊರಲ್ಲಿ. ಮನೆಯ ಕೆಳಗೇ ಮಿಸಿಸಿಪ್ಪಿ ನದಿ. ಮನೆಮಂದಿ ಜರ್ಮನ್ ಮೂಲದವರು. ಅಪ್ಪ ಕಾರ್ಲ್ ಆಕ್ರೋಟು ಮರದ ಮೇಜು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ಅವರೊಬ್ಬ ಒಳ್ಳೆಯ ಬೇಟೆಗಾರ. ಆದರೆ ಕಾನೂನು ಇನ್ನೂ ಏನೂ ಹೇಳದಿದ್ದ ಕಾಲದಲ್ಲೇ, ಹಕ್ಕಿಗಳು ಮರಿ ಮಾಡುವ ವಸಂತ ಕಾಲದಲ್ಲಿ ಬಾತುಕೋಳಿ ಹೊಡೆಯುವುದಿಲ್ಲ ಅಂತ ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಹುಡುಗ ಆಲ್ಡೋ ಅಪ್ಪನ ಹಿಂದೆ ಜೌಗು ಭೂಮಿಯಲ್ಲಿ ಅಲೆದು ಬೆಳೆದ. ಹಕ್ಕಿ ಎಣಿಸುವುದು, ಹೆಜ್ಜೆಗುರುತು ಓದುವುದು, ಕಂಡದ್ದನ್ನು ಬರೆದಿಡುವುದು ಅವನಿಗೆ ಆಗಲೇ ಚಟವಾಗಿತ್ತು. ಬರೆದಿಡುವ ಈ ಅಭ್ಯಾಸ ಸಾಯುವ ದಿನದವರೆಗೂ ಬಿಡಲಿಲ್ಲ.

ಅಪ್ಪನ ಕಾರ್ಖಾನೆಗೆ ಹೋಗುವ ಬದಲು ಆಲ್ಡೋ ಆರಿಸಿಕೊಂಡದ್ದು ಕಾಡನ್ನು. ಯೇಲ್ ವಿಶ್ವವಿದ್ಯಾಲಯದಲ್ಲಿ 1900ರಲ್ಲಿ ಅರಣ್ಯ ಶಾಲೆ ಶುರುವಾಗಿತ್ತು, 1905ರಲ್ಲಿ ಅಮೆರಿಕದ ಅರಣ್ಯ ಸೇವೆ ಹುಟ್ಟಿತ್ತು. ನಮ್ಮ ಕಾಲಕ್ಕೆ ಹೋಲಿಸಿದರೆ ಅದು ಆಗಷ್ಟೇ ತೆರೆದ ಹೊಸ ಬ್ರಾಂಚ್, ಕೈತುಂಬಾ ಕೆಲಸ. ಅಲ್ಲಿ ಕಲಿಸುತ್ತಿದ್ದ ತತ್ವ ಬಹಳ ಸರಳ. ಕಾಡು ಒಂದು ಬೆಳೆ. ಮರ ಎಷ್ಟು ಬೆಳೆಯುತ್ತದೋ ಅಷ್ಟೇ ಕಡಿಯಬೇಕು, ಆಗ ಇಳುವರಿ ಎಂದೂ ನಿಲ್ಲುವುದಿಲ್ಲ. ಜಿಂಕೆಯೂ ಅದೇ ತರಹದ ಇನ್ನೊಂದು ಬೆಳೆ. ಬೆಳೆ ತಿನ್ನುವ ಹುಳುವನ್ನು ರೈತ ಏನು ಮಾಡುತ್ತಾನೆ? ಕೊಲ್ಲುತ್ತಾನೆ. ಹಾಗಾದರೆ ಜಿಂಕೆ ತಿನ್ನುವ ತೋಳವನ್ನು? ಉತ್ತರ ಎಲ್ಲರಿಗೂ ಗೊತ್ತಿತ್ತು.

1909ರ ಆ ಮಧ್ಯಾಹ್ನ

1909ರಲ್ಲಿ ಮಾಸ್ಟರ್ಸ್ ಮುಗಿಸಿದ ಲಿಯೋಪೋಲ್ಡ್ ಅವರಿಗೆ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಅರಿಜೋನಾದ ಅಪಾಚೆ ರಾಷ್ಟ್ರೀಯ ಅರಣ್ಯದಲ್ಲಿ. ಅರಿಜೋನಾ ಆಗಿನ್ನೂ ರಾಜ್ಯವೇ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಒಂದು ಸರ್ವೇ ತಂಡದ ಜವಾಬ್ದಾರಿ ಕೊಟ್ಟರು. ಯಾವ ಬೆಟ್ಟದಲ್ಲಿ ಎಷ್ಟು ಮರ ಇದೆ ಅಂತ ಅಳೆದು ನಕ್ಷೆ ಮಾಡುವುದು ಕೆಲಸ.

ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದಿನ ತಂಡದವರು ಎತ್ತರದ ಬಂಡೆಯ ಅಂಚಿನಲ್ಲಿ ಊಟಕ್ಕೆ ಕೂತಿದ್ದರು. ಕೆಳಗೆ ರಭಸದ ನದಿ. ಏನೋ ಒಂದು ಪ್ರಾಣಿ ನೀರು ದಾಟುತ್ತಿತ್ತು. ಮೊದಲು ಜಿಂಕೆ ಅಂದುಕೊಂಡರು. ಈಚೆ ದಡ ಹತ್ತಿ ಮೈ ಕೊಡವಿದಾಗ ಗೊತ್ತಾಯಿತು, ಅದು ಹೆಣ್ಣು ತೋಳ. ಪೊದೆಯೊಳಗಿಂದ ಬೆಳೆದ ಮರಿಗಳು ಹೊರಗೆ ನುಗ್ಗಿ ಬಾಲ ಅಲ್ಲಾಡಿಸುತ್ತ ಅಮ್ಮನನ್ನು ಸುತ್ತುವರಿದವು. ತೋಳ ಕಂಡರೆ ಗುಂಡು ಹಾರಿಸದೆ ಇರುವುದು ಎಂಬ ಯೋಚನೆಯೇ ಆ ಕಾಲದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎಲ್ಲರೂ ಬಂದೂಕು ಖಾಲಿ ಮಾಡಿದರು. ತಾಯಿ ತೋಳ ಬಿತ್ತು. ಒಂದು ಮರಿ ಮುರಿದ ಕಾಲು ಎಳೆದುಕೊಂಡು ಬಂಡೆಗಳ ನಡುವೆ ಮರೆಯಾಯಿತು.

ಲಿಯೋಪೋಲ್ಡ್ ಇಳಿದು ಹತ್ತಿರ ಹೋದಾಗ ತೋಳಕ್ಕೆ ಇನ್ನೂ ಜೀವ ಇತ್ತು. ಅದರ ಕಣ್ಣಲ್ಲಿ ಉರಿಯುತ್ತಿದ್ದ ಹಸಿರು ಬೆಳಕು ನಿಧಾನಕ್ಕೆ ನಂದುವುದನ್ನು ಅವರು ನೋಡಿದರು. ಆ ಕಣ್ಣಲ್ಲಿ ತನಗೆ ಗೊತ್ತಿಲ್ಲದ ಏನೋ ಇದೆ, ಅದು ಆ ತೋಳಕ್ಕೂ ಆ ಬೆಟ್ಟಕ್ಕೂ ಮಾತ್ರ ಗೊತ್ತಿರುವ ವಿಷಯ ಅಂತ ಅನ್ನಿಸಿತು ಎಂದು ಎಷ್ಟೋ ವರ್ಷದ ಮೇಲೆ ಬರೆದರು.

ನಮ್ಮ ಗೋವಿನ ಹಾಡಿನಲ್ಲಿ ಪಶ್ಚಾತ್ತಾಪ ಆಗುವುದು ಹುಲಿಗೆ. ಇಲ್ಲಿ ಅದು ಮನುಷ್ಯನಿಗೆ ಆಗಬೇಕಿತ್ತು. ಆದರೆ ಆ ದಿನ ಆಗಲಿಲ್ಲ, ಇದನ್ನು ಗಮನಿಸಬೇಕು. ಸಿನಿಮಾದಲ್ಲಾದರೆ ನಾಯಕ ಅಲ್ಲೇ ಬಂದೂಕು ಬಿಸಾಡುತ್ತಿದ್ದ. ಲಿಯೋಪೋಲ್ಡ್ ಬಿಸಾಡಲಿಲ್ಲ. ತೋಳ ಕಡಿಮೆಯಾದರೆ ಜಿಂಕೆ ಜಾಸ್ತಿ, ತೋಳವೇ ಇಲ್ಲದಿದ್ದರೆ ಬೇಟೆಗಾರರಿಗೆ ಸ್ವರ್ಗ ಅನ್ನುವ ಲೆಕ್ಕದಲ್ಲಿ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಇತ್ತು.

ಕೊನೆಯ ತೋಳದವರೆಗೆ

ಮುಂದಿನ ಹದಿನೈದು ವರ್ಷ ಕೆಲಸದಲ್ಲಿ ಏರುತ್ತಲೇ ಹೋದರು. 1912ರಲ್ಲಿ ನ್ಯೂ ಮೆಕ್ಸಿಕೋದ ಕಾರ್ಸನ್ ರಾಷ್ಟ್ರೀಯ ಅರಣ್ಯದ ಮುಖ್ಯಸ್ಥರಾದರು. ಅದೇ ವರ್ಷ ಸಾಂಟಾ ಫೇ ಊರಿನ ಎಸ್ಟೆಲ್ಲಾ ಬರ್ಜೆರೆ ಅವರನ್ನು ಮದುವೆಯಾದರು. ಮರುವರ್ಷ ಏಪ್ರಿಲ್‌ನಲ್ಲಿ ಕಾಡಿನ ಕೆಲಸಕ್ಕೆ ಹೋಗಿದ್ದಾಗ ಮಳೆ ಆಲಿಕಲ್ಲಿಗೆ ಸಿಕ್ಕಿ, ಒದ್ದೆ ಹಾಸಿಗೆಯಲ್ಲೇ ಮಲಗಿ, ಮೂತ್ರಪಿಂಡದ ಕಾಯಿಲೆ ಹತ್ತಿತು. ಸಾವಿನ ಬಾಗಿಲು ತಟ್ಟಿ ವಾಪಸ್ ಬಂದರು. ಚೇತರಿಸಿಕೊಳ್ಳುವುದಕ್ಕೆ ಸುಮಾರು ಒಂದೂವರೆ ವರ್ಷ ಬೇಕಾಯಿತು.

ಮತ್ತೆ ಕೆಲಸಕ್ಕೆ ಬಂದಾಗ ಹಿಡಿದದ್ದು ಬೇಟೆಪ್ರಾಣಿಗಳ ರಕ್ಷಣೆಯ ವಿಷಯ. ಊರೂರು ಸುತ್ತಿ ಬೇಟೆಗಾರರ ಸಂಘ ಕಟ್ಟಿದರು, ಪತ್ರಿಕೆ ತಂದರು. ಕಳ್ಳಬೇಟೆ ನಿಲ್ಲಬೇಕು, ಜಿಂಕೆ ಉಳಿಯಬೇಕು ಅಂತ ಹೇಳಿದರು. ಅದರ ಜೊತೆಗೇ, ನ್ಯೂ ಮೆಕ್ಸಿಕೋದ ಕೊನೆಯ ತೋಳ, ಕೊನೆಯ ಪ್ಯೂಮಾ ಸಾಯುವವರೆಗೂ ಕೆಲಸ ಮುಗಿದ ಹಾಗಲ್ಲ ಅಂತಲೂ ಹೇಳಿದರು. ಕೇಂದ್ರ ಸರ್ಕಾರ 1915ರಿಂದ ಇದಕ್ಕೆ ದುಡ್ಡು ಕೊಡುತ್ತಿತ್ತು. ಕುರಿ ದನ ಸಾಕುವವರು, ಬೇಟೆಗಾರರು, ಅಧಿಕಾರಿಗಳು ಎಲ್ಲರದ್ದೂ ಒಂದೇ ಮಾತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ 1926ರ ಹೊತ್ತಿಗೆ ತೋಳಗಳ ಕಥೆ ಮುಗಿಯಿತು.

ಆ ಕಾಲದ ಲಿಯೋಪೋಲ್ಡ್ ಅವರನ್ನು ಒಂದೇ ಬಣ್ಣದಲ್ಲಿ ನೋಡುವುದಕ್ಕೂ ಆಗುವುದಿಲ್ಲ. ರಸ್ತೆ, ಹೋಟೆಲು ಯಾವುದೂ ಬರದಂತೆ ಒಂದಷ್ಟು ಕಾಡನ್ನು ಹಾಗೇ ಬಿಡಬೇಕು ಅಂತ ಪಟ್ಟು ಹಿಡಿದವರೂ ಅವರೇ. 1924ರ ಜೂನ್‌ನಲ್ಲಿ ನ್ಯೂ ಮೆಕ್ಸಿಕೋದ ಗಿಲಾ ಪ್ರದೇಶವನ್ನು ಆ ರೀತಿ ಕಾಯ್ದಿಡಲಾಯಿತು. ಜಗತ್ತಿನಲ್ಲೇ ಅಂಥ ಮೊದಲ ಪ್ರದೇಶಗಳಲ್ಲಿ ಅದೊಂದು. ಕಾಡು ಉಳಿಸಬೇಕು, ಅದರ ಒಡೆಯನನ್ನು ಮಾತ್ರ ಕೊಲ್ಲಬೇಕು ಅನ್ನುವ ವಿರೋಧಾಭಾಸ ಅವರಿಗೆ ಇನ್ನೂ ಕಂಡಿರಲಿಲ್ಲ.

ಕೈಬಾಬ್ ಕೊಟ್ಟ ರಿಸಲ್ಟ್

ಈ ಲೆಕ್ಕವನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದ ಜಾಗ ಒಂದಿತ್ತು. ಅದು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಉತ್ತರಕ್ಕಿರುವ ಕೈಬಾಬ್ ಪ್ರಸ್ಥಭೂಮಿ. 1906ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅದನ್ನು ಜಿಂಕೆಗಳಿಗಾಗಿ ಮೀಸಲಿಟ್ಟರು. ಜಿಂಕೆ ಬೇಟೆ ನಿಲ್ಲಿಸಿದರು. ಪ್ಯೂಮಾ, ತೋಳ, ಕಯೋಟಿ, ಕಾಡುಬೆಕ್ಕುಗಳನ್ನು ಸರ್ಕಾರಿ ಬೇಟೆಗಾರರು ವರ್ಷ ವರ್ಷವೂ ಕೊಂದರು. ಪ್ಯೂಮಾಗಳೇ ನೂರಾರು, ಕಯೋಟಿಗಳು ಸಾವಿರಾರು.

ಜಿಂಕೆ ಜಾಸ್ತಿಯಾದವು. ಸುಮಾರು ನಾಲ್ಕು ಸಾವಿರ ಇದ್ದವು 1924ರ ಹೊತ್ತಿಗೆ ಮೂವತ್ತು ಸಾವಿರ ಅಂತ ಕೆಲವರು, ಒಂದು ಲಕ್ಷ ಅಂತ ಕೆಲವರು ಅಂದಾಜು ಮಾಡಿದರು. ನಿಖರವಾಗಿ ಎಷ್ಟು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಕಾಡಿನ ಸ್ಥಿತಿ ಬಗ್ಗೆ ಜಗಳ ಇರಲಿಲ್ಲ. ಜಿಂಕೆಯ ಬಾಯಿಗೆ ಎಟಕುವ ಎತ್ತರದವರೆಗೆ ಎಲೆ ಅನ್ನುವುದೇ ಉಳಿದಿರಲಿಲ್ಲ. ಆಸ್ಪೆನ್ ಮರದ ಸಸಿಗಳು ತಲೆ ಎತ್ತುವ ಮೊದಲೇ ಮಾಯ. ಮುಂದಿನ ಎರಡು ಚಳಿಗಾಲಗಳಲ್ಲಿ ಜಿಂಕೆಗಳು ಹಸಿವಿನಿಂದ ರಾಶಿ ರಾಶಿ ಸತ್ತವು.

ಈ ಮಧ್ಯೆ 1924ರ ಡಿಸೆಂಬರಿನಲ್ಲಿ ಒಂದು ತಮಾಷೆಯೂ ನಡೆಯಿತು. ಜಿಂಕೆಗಳನ್ನು ದನಗಳ ಹಾಗೆ ಅಟ್ಟಿಕೊಂಡು ಕಣಿವೆ ಇಳಿಸಿ ನದಿ ದಾಟಿಸಿ ಆಚೆ ಬಿಡೋಣ ಅಂತ ಒಂದು ಯೋಜನೆ ಹಾಕಿದರು. ಕುದುರೆ ಸವಾರರು, ಗಂಟೆ ಬಾರಿಸುತ್ತ ನಡೆಯುವ ನವಾಹೋ ಜನ ಎಲ್ಲ ಸೇರಿದರು. ಕಾದಂಬರಿಕಾರ ಝೇನ್ ಗ್ರೇ ಕೂಡ ಬಂದಿದ್ದರು. ಜಿಂಕೆಗಳು ಸವಾರರ ಮಧ್ಯೆಯೇ ನುಸುಳಿ ಹಿಂದಕ್ಕೆ ಓಡಿದವು. ದಾಟಿದ ಜಿಂಕೆಗಳ ಸಂಖ್ಯೆ ಸೊನ್ನೆ.

ಅದೇ ಹೊತ್ತಿಗೆ, 1925 ಮತ್ತು 1926ರಲ್ಲಿ, ಲೋಟ್ಕಾ ಮತ್ತು ವೋಲ್ಟೆರಾ ಎಂಬ ಇಬ್ಬರು ಬೇಟೆಗಾರ ಪ್ರಾಣಿ ಮತ್ತು ಅದರ ಆಹಾರ ಪ್ರಾಣಿಗಳ ಸಂಬಂಧವನ್ನು ಎರಡು ಡಿಫರೆನ್ಷಿಯಲ್ ಸಮೀಕರಣಗಳಲ್ಲಿ ಬರೆದರು. ನಮ್ಮಲ್ಲಿ ಅನೇಕರು ಮ್ಯಾಟ್‌ಲ್ಯಾಬ್‌ನಲ್ಲಿ ಅದನ್ನು ಪ್ಲಾಟ್ ಮಾಡಿರುತ್ತೇವೆ. ಒಂದರ ಸಂಖ್ಯೆ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ, ಅದು ನೆಗೆಟಿವ್ ಫೀಡ್‌ಬ್ಯಾಕ್. ಆ ಲೂಪನ್ನು ಕತ್ತರಿಸಿದರೆ ಏನಾಗುತ್ತದೆ ಅಂತ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೇಳಬೇಕಿಲ್ಲ. ಕೈಬಾಬ್‌ನಲ್ಲಿ ದನ ಕುರಿ ಕಡಿಮೆಯಾದದ್ದೂ ಜಿಂಕೆ ಹೆಚ್ಚಲು ಕಾರಣ ಅಂತ ಆಮೇಲಿನ ವಿಜ್ಞಾನಿಗಳು ಹೇಳಿದ್ದಾರೆ. ಅದು ನಿಜ ಇರಬಹುದು. ಆದರೂ ಆ ವರ್ಷಗಳಲ್ಲಿ ಹುಟ್ಟಬೇಕಿದ್ದ ಆಸ್ಪೆನ್ ಮರಗಳು ಅಲ್ಲಿ ತೀರಾ ಕಡಿಮೆ ಅನ್ನುವುದು ಮರಗಳ ವಯಸ್ಸು ಎಣಿಸಿದ ಮೇಲೆ ಗೊತ್ತಾಯಿತು.

ಎರಡು ಕಾಡು, ಎರಡು ಪಾಠ

ಲಿಯೋಪೋಲ್ಡ್ 1924ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ವರ್ಗವಾದರು. 1928ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಹಲವು ರಾಜ್ಯಗಳಲ್ಲಿ ವನ್ಯಪ್ರಾಣಿಗಳ ಸರ್ವೇ ಮಾಡಿದರು. 1933ರಲ್ಲಿ ಅವರ ಗೇಮ್ ಮ್ಯಾನೇಜ್‌ಮೆಂಟ್ ಪುಸ್ತಕ ಬಂತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರನ್ನು ಆ ವಿಷಯದ ಪ್ರೊಫೆಸರ್ ಮಾಡಿತು. ಅಮೆರಿಕದಲ್ಲಿ ಅಂಥ ಹುದ್ದೆ ಅದೇ ಮೊದಲು.

ಅವರ ಯೋಚನೆಯನ್ನು ಬದಲಿಸಿದ್ದು ಎರಡು ಪ್ರವಾಸ. 1935ರಲ್ಲಿ ಜರ್ಮನಿಗೆ ಹೋದರು. ಯೇಲ್‌ನಲ್ಲಿ ಅವರು ಕಲಿತ ಅರಣ್ಯಶಾಸ್ತ್ರದ ತವರೇ ಜರ್ಮನಿ. ಅಲ್ಲಿ ನೋಡಿದರೆ ಸಾಲು ಸಾಲಾಗಿ ಸ್ಪ್ರೂಸ್ ಮರ, ಕೆಳಗೆ ಒಂದು ಗಿಡ ಇಲ್ಲ. ತೋಳ ಯಾವತ್ತೋ ಹೋಗಿದೆ. ಜಿಂಕೆಗಳು ತುಂಬಿ ತುಳುಕುತ್ತಿವೆ, ಅವಕ್ಕೆ ಕೈಯಾರೆ ಮೇವು ಹಾಕಬೇಕು, ಸಸಿಗಳಿಗೆ ಬೇಲಿ ಕಟ್ಟಬೇಕು. ಕಾಡು ಅನ್ನುವುದು ಮನುಷ್ಯ ದಿನಾ ಮೇಂಟೆನೆನ್ಸ್ ಮಾಡಬೇಕಾದ ಯಂತ್ರವಾಗಿತ್ತು.

ಮರುವರ್ಷ ಮೆಕ್ಸಿಕೋದ ಸಿಯೆರಾ ಮಾದ್ರೆ ಬೆಟ್ಟಗಳಲ್ಲಿ ಗವಿಲಾನ್ ನದಿಯ ಕಡೆ ಹೋದರು. ಅರಿಜೋನಾದಂಥದ್ದೇ ಹವೆ, ಅಂಥದ್ದೇ ಮರಗಳು. ಆದರೆ ಇಲ್ಲಿ ತೋಳ ಇತ್ತು, ಪ್ಯೂಮಾ ಇತ್ತು. ಜಿಂಕೆಯೂ ಬೇಕಾದಷ್ಟು ಇತ್ತು, ಆದರೆ ಕಾಡನ್ನು ಬೋಳು ಮಾಡುವಷ್ಟಿರಲಿಲ್ಲ. ಹೊಳೆಯ ನೀರು ತಿಳಿಯಾಗಿತ್ತು, ದಡ ಕುಸಿದಿರಲಿಲ್ಲ. ಪ್ರಯೋಗಕ್ಕೆ ಕಂಟ್ರೋಲ್ ಬೇಕಲ್ಲ, ಅದು ಸಿಕ್ಕಿದ ಹಾಗಾಯಿತು. ಅಲ್ಲಿಯವರೆಗೂ ತಾನು ನೋಡಿದ್ದೆಲ್ಲ ಕಾಯಿಲೆ ಬಿದ್ದ ನೆಲ, ಆರೋಗ್ಯವಾಗಿರುವ ನೆಲ ಹೇಗಿರುತ್ತದೆ ಅಂತ ಈಗಷ್ಟೇ ಕಂಡೆ ಅನ್ನುವ ಭಾವನೆ ಅವರಿಗೆ ಬಂತು.

ಇದೇ ವರ್ಷಗಳಲ್ಲಿ ಬರಾಬೂ ಹತ್ತಿರ ವಿಸ್ಕಾನ್ಸಿನ್ ನದಿಯ ದಡದಲ್ಲಿ ಸಾರ ಕಳೆದುಕೊಂಡ ಮರಳು ಜಮೀನೊಂದನ್ನು ಕೊಂಡರು. ಅಲ್ಲಿ ಉಳಿದಿದ್ದದ್ದು ಒಂದು ಹಳೇ ಕೋಳಿಗೂಡು. ಅದನ್ನೇ ತೊಳೆದು ರಿಪೇರಿ ಮಾಡಿ ಗುಡಿಸಲು ಮಾಡಿಕೊಂಡರು. ಪ್ರತಿ ವಾರದ ಕೊನೆಗೆ ಹೆಂಡತಿ, ಐವರು ಮಕ್ಕಳು ಎಲ್ಲರೂ ಸೇರಿ ಸಾವಿರಾರು ಪೈನ್ ಸಸಿ ನೆಟ್ಟರು. ಮೊದಲ ವರ್ಷಗಳ ಬರಗಾಲದಲ್ಲಿ ಹೆಚ್ಚಿನವು ಒಣಗಿ ಹೋದವು. ಮತ್ತೆ ನೆಟ್ಟರು.

ಶಿಷ್ಯ ಕೇಳಿದ ಪ್ರಶ್ನೆ

1940ರ ದಶಕದ ಶುರುವಿನಲ್ಲಿ ಲಿಯೋಪೋಲ್ಡ್ ತಮ್ಮ ಪ್ರಬಂಧಗಳನ್ನು ಪುಸ್ತಕ ಮಾಡಲು ಹೊರಟರು. ಚಿತ್ರ ಬರೆಯಬೇಕಿದ್ದವರು ಅವರ ಹಳೇ ವಿದ್ಯಾರ್ಥಿ ಆಲ್ಬರ್ಟ್ ಹಾಕ್‌ಬಾಮ್. ಪ್ರಬಂಧಗಳನ್ನು ಓದಿದ ಹಾಕ್‌ಬಾಮ್ ಗುರುವಿಗೆ ನೇರವಾಗಿ ಬರೆದರು. ನೀವು ಎಲ್ಲರ ತಪ್ಪನ್ನೂ ಎತ್ತಿ ತೋರಿಸುತ್ತೀರಿ, ನಿಮ್ಮ ಪಾಲಿನ ತಪ್ಪು ಎಲ್ಲಿದೆ, ತೋಳ ಕೊಂದವರಲ್ಲಿ ನೀವೂ ಒಬ್ಬರಲ್ಲವೇ ಅನ್ನುವ ಧಾಟಿಯ ಪತ್ರಗಳು ಅವು. ಪ್ರೊಫೆಸರ್‌ಗೆ ಹೀಗೆ ಬರೆಯಲು ಎಷ್ಟು ಧೈರ್ಯ ಬೇಕು ಅಂತ ನಮಗೆ ಗೊತ್ತು. ಗುರು ಸಿಟ್ಟಾಗಲಿಲ್ಲ. ಕೆಲವು ತಿಂಗಳು ವಾದ ನಡೆಯಿತು. ಕೊನೆಗೆ 1944ರ ಏಪ್ರಿಲ್ 1ರಂದು, 1909ರ ಆ ಮಧ್ಯಾಹ್ನದ ಬಗ್ಗೆ ಕೂತು ಬರೆದರು. ಬೆಟ್ಟದ ಹಾಗೆ ಯೋಚಿಸುವುದು ಎಂಬ ಅರ್ಥದ ಹೆಸರಿಟ್ಟರು. ಕೆಲವೇ ಪುಟ.

ಅದರ ಸಾರ ಇಷ್ಟು. ಜಿಂಕೆಗೆ ತೋಳದ ಭಯ ಇರುವ ಹಾಗೆ ಬೆಟ್ಟಕ್ಕೆ ಜಿಂಕೆಯ ಭಯ ಇರುತ್ತದೆ. ಬೆಟ್ಟದ ಭಯಕ್ಕೇ ಹೆಚ್ಚು ಕಾರಣ ಇದೆ. ತೋಳ ಹಿಡಿದ ಒಂದು ಜಿಂಕೆಯ ಜಾಗ ಎರಡು ಮೂರು ವರ್ಷದಲ್ಲಿ ತುಂಬುತ್ತದೆ. ಜಿಂಕೆಗಳು ಬೋಳು ಮಾಡಿದ ಬೆಟ್ಟ ಮೊದಲಿನ ಹಾಗಾಗಲು ಅಷ್ಟೇ ದಶಕ ಸಾಲದು. ಮೇಲಿನ ಪ್ರಾಣಿಯನ್ನು ತೆಗೆದರೆ ಪೆಟ್ಟು ಬೀಳುವುದು ಕೆಳಗಿನ ಗಿಡಕ್ಕೆ, ಗಿಡ ಹೋದರೆ ಮಣ್ಣಿಗೆ, ಮಣ್ಣು ಹೋದರೆ ಹೊಳೆಗೆ. ಇದನ್ನು ಇವತ್ತು ಟ್ರೋಫಿಕ್ ಕ್ಯಾಸ್ಕೇಡ್ ಅನ್ನುತ್ತಾರೆ. ಅವರು ಬರೆದಾಗ ಆ ಪದ ಇನ್ನೂ ಹುಟ್ಟಿರಲಿಲ್ಲ. ಅದೇ ವರ್ಷ ತೋಳಗಳ ಕುರಿತ ಒಂದು ಪುಸ್ತಕದ ವಿಮರ್ಶೆಯಲ್ಲಿ, ದನಗಾಹಿಗಳ ಜಾಗದಿಂದ ತೋಳಗಳನ್ನು ತೆಗೆಯುವಾಗ ಕೆಲವನ್ನಾದರೂ ಯೆಲ್ಲೋಸ್ಟೋನ್‌ನಲ್ಲಿ ಬಿಡಬಹುದಿತ್ತಲ್ಲ ಅಂತ ಕೇಳಿದರು.

ಹೇಳಿದ್ದಕ್ಕೆ ಬೆಲೆಯನ್ನೂ ತೆತ್ತರು. ವಿಸ್ಕಾನ್ಸಿನ್‌ನಲ್ಲಿ ಆಗ ಜಿಂಕೆ ಮಿತಿಮೀರಿದ್ದವು, ಚಳಿಗಾಲದಲ್ಲಿ ಹಸಿದು ಸಾಯುತ್ತಿದ್ದವು. 1943ರಲ್ಲಿ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದ ಲಿಯೋಪೋಲ್ಡ್, ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಕೊಡಬೇಕೆಂದು ವಾದಿಸಿದರು. ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಜಿಂಕೆ ಬೇಟೆಯಾದವು. ಜನ ಕೆರಳಿದರು. ಅವರನ್ನು ಬೈಯುವುದಕ್ಕೇ ಒಂದು ಪತ್ರಿಕೆ ಹುಟ್ಟಿಕೊಂಡಿತು. ಯೌವನದಲ್ಲಿ ಜಿಂಕೆ ಉಳಿಸಿ ಅಂದಾಗ ಚಪ್ಪಾಳೆ ಹೊಡೆದ ಲೋಕ, ಕಾಡು ಉಳಿಸಿ ಅಂದಾಗ ಜಿಂಕೆಗಳ ಶತ್ರು ಅಂತ ಕರೆಯಿತು. ಅವರು ಸಭೆಗೆ ಹೋಗುವುದನ್ನು ನಿಲ್ಲಿಸಲಿಲ್ಲ.

ಬೆಂಕಿ, ಪುಸ್ತಕ, ವಾಪಸ್ ಬಂದ ತೋಳ

ಪುಸ್ತಕವನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಒಪ್ಪಿಕೊಂಡಿತು. ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 21ರಂದು, ಪಕ್ಕದ ಜಮೀನಿನಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಆರಿಸಲು ಹೋದ ಲಿಯೋಪೋಲ್ಡ್ ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಆಗ ಅವರಿಗೆ 61 ವರ್ಷ.

ಹಸ್ತಪ್ರತಿಯನ್ನು ತಿದ್ದಿ ಮುದ್ರಣಕ್ಕೆ ಸಿದ್ಧ ಮಾಡಿದ್ದು ಮಗ ಲೂನಾ. ನಮ್ಮ ಸಿವಿಲ್ ಗೆಳೆಯರು ಗಮನಿಸಿ, ಲೂನಾ ಓದಿದ್ದು ಸಿವಿಲ್ ಎಂಜಿನಿಯರಿಂಗ್. ನದಿಗಳ ಅಧ್ಯಯನದಲ್ಲಿ ಮುಂದೆ ಬಹಳ ದೊಡ್ಡ ಹೆಸರು ಮಾಡಿದರು. 1949ರಲ್ಲಿ ಎ ಸ್ಯಾಂಡ್ ಕೌಂಟಿ ಆಲ್ಮನಾಕ್ ಹೊರಬಂತು, ಇಲ್ಲಿಯವರೆಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದೆ. ಮನುಷ್ಯ ಈ ನೆಲದ ಯಜಮಾನ ಅಲ್ಲ, ಮಣ್ಣು ನೀರು ಗಿಡ ಪ್ರಾಣಿಗಳಿರುವ ದೊಡ್ಡ ಕುಟುಂಬದಲ್ಲಿ ಒಬ್ಬ ಸಾಮಾನ್ಯ ಸದಸ್ಯ ಅನ್ನುವುದು ಅದರ ಮುಖ್ಯ ವಾದ. ಇನ್ನೊಬ್ಬ ಮಗ ಸ್ಟಾರ್ಕರ್ 1963ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿರ್ವಹಣೆ ಹೇಗಿರಬೇಕು ಎಂಬ ಸರ್ಕಾರಿ ವರದಿಯ ಅಧ್ಯಕ್ಷರಾಗಿದ್ದರು. ಉದ್ಯಾನಗಳ ನೀತಿಯನ್ನೇ ಆ ವರದಿ ಬದಲಿಸಿತು.

1995ರಲ್ಲಿ ಕೆನಡಾದಿಂದ ತಂದ 14 ತೋಳಗಳನ್ನು, ಮರುವರ್ಷ ಇನ್ನೂ 17 ತೋಳಗಳನ್ನು ಯೆಲ್ಲೋಸ್ಟೋನ್‌ನಲ್ಲಿ ಬಿಟ್ಟರು. ಅಲ್ಲಿ ತಾನಾಗಿ ರೂಪುಗೊಂಡ ಮೊದಲ ತೋಳದ ಗುಂಪಿಗೆ ಲಿಯೋಪೋಲ್ಡ್ ಗುಂಪು ಅಂತಲೇ ಹೆಸರಿಟ್ಟರು. 1998ರ ಮಾರ್ಚ್‌ನಲ್ಲಿ 11 ಮೆಕ್ಸಿಕನ್ ತೋಳಗಳನ್ನು ಅರಿಜೋನಾದಲ್ಲಿ ಬಿಟ್ಟರು. ಎಲ್ಲಿ ಗೊತ್ತಾ? ಅಪಾಚೆ ರಾಷ್ಟ್ರೀಯ ಅರಣ್ಯದಲ್ಲಿ, ಆ ಹಸಿರು ಕಣ್ಣಿನ ತೋಳ ಸತ್ತ ಕಾಡಿನಲ್ಲೇ. ಇವತ್ತು ಆ ಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ಮೆಕ್ಸಿಕನ್ ತೋಳಗಳಿವೆ. ಎಲ್ಲ ಸುಖಾಂತ ಅಂತ ಹೇಳುವ ಹಾಗಿಲ್ಲ. ದನ ಕಳೆದುಕೊಂಡವರ ಸಿಟ್ಟು ಈಗಲೂ ಇದೆ, ಕದ್ದು ಗುಂಡು ಹೊಡೆಯುವುದೂ ನಿಂತಿಲ್ಲ. ತೋಳದ ದಾಳಿಯಲ್ಲಿ ನಷ್ಟ ಆದವರಿಗೆ ಪರಿಹಾರ ಸಿಗದೆ ತೋಳ ಉಳಿಯುವುದೂ ಇಲ್ಲ.

ಯೆಲ್ಲೋಸ್ಟೋನ್‌ನಲ್ಲೂ ತೋಳ ಬಂದ ಕೂಡಲೇ ನದಿಗಳೆಲ್ಲ ಸರಿಹೋದವು ಅಂತ ವಿಡಿಯೋಗಳಲ್ಲಿ ಹೇಳುವಷ್ಟು ಸುಲಭದ ಕಥೆ ಅದಲ್ಲ. ಎಲ್ಕ್ ಕಡಿಮೆಯಾಗಿ ಕೆಲವು ಕಡೆ ವಿಲ್ಲೋ, ಆಸ್ಪೆನ್ ಗಿಡಗಳು ಚಿಗುರಿದವು. ಇನ್ನು ಕೆಲವು ಕಡೆ ಇಪ್ಪತ್ತು ವರ್ಷ ಕಾದರೂ ಚಿಗುರಲಿಲ್ಲ. ತೋಳ ಇಲ್ಲದ ಎಪ್ಪತ್ತು ವರ್ಷದಲ್ಲಿ ಬೀವರ್‌ಗಳು ಹೋಗಿ, ಅವು ಕಟ್ಟುತ್ತಿದ್ದ ಅಣೆಗಳು ಹೋಗಿ, ಹೊಳೆ ಆಳಕ್ಕೆ ಕೊರೆದುಕೊಂಡು, ಅಂತರ್ಜಲ ಗಿಡದ ಬೇರಿಗೆ ಎಟಕದಷ್ಟು ಕೆಳಗೆ ಇಳಿದಿತ್ತು. ಎಲೆಕ್ಟ್ರಿಕಲ್‌ನವರು ಇದನ್ನು ಹಿಸ್ಟರೆಸಿಸ್ ಅನ್ನುತ್ತಾರೆ, ಹೋದ ದಾರಿಯಲ್ಲೇ ವಾಪಸ್ ಬರುವುದಕ್ಕೆ ಆಗುವುದಿಲ್ಲ. ಹಾಗಾಗಿ ಕಳೆದುಕೊಂಡ ಮೇಲೆ ತಂದು ಬಿಡುವುದಕ್ಕಿಂತ ಇರುವಾಗಲೇ ಉಳಿಸಿಕೊಳ್ಳುವುದು ಅಗ್ಗ.

ಒಂದು ಯಂತ್ರ ಬಿಚ್ಚಿ ನೋಡುವವನು ಎಲ್ಲ ಬಿಡಿಭಾಗಗಳನ್ನೂ ಜೋಪಾನವಾಗಿ ಎತ್ತಿಡಬೇಕು, ಯಾವುದು ಏನು ಕೆಲಸ ಮಾಡುತ್ತದೆ ಅಂತ ಗೊತ್ತಾಗುವವರೆಗೆ ಯಾವುದನ್ನೂ ಎಸೆಯಬಾರದು ಅನ್ನುವುದು ಲಿಯೋಪೋಲ್ಡ್ ಅವರ ನಿಲುವಾಗಿತ್ತು. ಕಾಡಿನ ಬಗ್ಗೆ ಹೇಳಿದ ಮಾತದು. ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿ, ಜೋಡಿಸಿದ ಮೇಲೆ ಒಂದು ಬೋಲ್ಟ್ ಕೈಯಲ್ಲೇ ಉಳಿದದ್ದನ್ನು ನೋಡಿದ ಯಾರಿಗಾದರೂ ಅದರ ಅರ್ಥ ಬೇಗ ಆಗುತ್ತದೆ.